ದಾರಿ ತೋರಿಸುವವನಿಗೆ ಕೂಲಿ ಕೊಡಬೇಕಾದವರು ಯಾರು?

ಮಂತ್ರಾಲಯಕ್ಕೆ ಬಂದಿಳಿಯುವ ಯಾತ್ರಿಕರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ರೂಮು ಎಲ್ಲಿ ಸಿಗ್ತದೆ? ದರ್ಶನ ಎಷ್ಟೊತ್ತಿಗೆ? ಇಲ್ಲಿ ನೋಡೋದಕ್ಕೆ ಇನ್ನೇನೇನು ಅದೆ? ಮೊದಲಿನ ಎರಡಕ್ಕೆ ಉತ್ತರ ಹೇಳಲು ಮಠದ ಕಚೇರಿ ಇದೆ, ಬೋರ್ಡುಗಳಿವೆ, ಈಗ ಎಲ್ಲರ ಕೈಯಲ್ಲಿ ಮೊಬೈಲೂ ಇದೆ. ಮೂರನೆಯದಕ್ಕೆ ಉತ್ತರ ಹೇಳುವ ಜವಾಬ್ದಾರಿ ಮಾತ್ರ ಯಾರದೂ ಅಲ್ಲ. ಹಾಗಾಗಿ ಆ ಪ್ರಶ್ನೆ ಬಸ್ ಸ್ಟ್ಯಾಂಡಿನಲ್ಲಿ ಮೊದಲು ಎದುರಾದವರ ಪಾಲಿಗೆ ಬೀಳುತ್ತದೆ. ಅವರು ಆಟೋದವರಿರಬಹುದು, ಲಾಡ್ಜಿನ ಹುಡುಗ ಇರಬಹುದು, ಅಂಗಡಿ ಮುಂದೆ ನಿಂತು 'ಬರ್ರಿ ಅಕ್ಕಾ, ನೋಡಿ ಹೋಗ್ರಿ' ಅಂತ ಕರೆಯುವವರೂ ಇರಬಹುದು. ನಮ್ಮ ಕಡೆ ಗೈಡು ಅಂದರೆ ಸದ್ಯಕ್ಕೆ ಇಷ್ಟೇ.

ಮೇಲುನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ಗಡಿಯ ಈ ಭಾಗದ ಹೊಟ್ಟೆಪಾಡು, ಭಾಷೆ, ಮರ್ಯಾದೆ ಮೂರೂ ಇದರಲ್ಲಿ ಸಿಕ್ಕಿಕೊಂಡಿವೆ. ಒಬ್ಬ ಅತಿಥಿಗೆ ಊರು ತೋರಿಸುವುದು, ಅವನ ಬೇಕುಬೇಡ ಕೇಳಿ ಬಜಾರಕ್ಕೆ ಕರೆದೊಯ್ಯುವುದು ದೊಡ್ಡ ಪಟ್ಟಣಗಳಲ್ಲಿ ಈಗ ಒಳ್ಳೆಯ ಉದ್ಯೋಗವಾಗಿದೆ. ದಿನವೂ ಯಾತ್ರಿಕರು ಬರುವ ಮಂತ್ರಾಲಯದಲ್ಲಿ ಅದು ಯಾಕೆ ಉದ್ಯೋಗವಾಗಲಿಲ್ಲ, ಬರೀ ಕಮಿಷನ್ ಆಗಿ ಯಾಕೆ ಉಳಿಯಿತು ಎಂಬುದನ್ನು ನೋಡಬೇಕು.

ಅರ್ಧ ದಿನದ ಸುತ್ತು

ಈಗ ನಡೆಯುವ 'ಲೋಕಲ್ ಸೈಟ್ ಸೀಯಿಂಗ್' ಹೆಚ್ಚುಕಡಿಮೆ ಒಂದೇ ಅಚ್ಚಿನದು. ಮಠದ ದರ್ಶನ, ಊಟ, ಆಮೇಲೆ ಆಟೋ ಇಲ್ಲವೆ ಜೀಪು. ಗಾಣಧಾಳದ ಪಂಚಮುಖಿ ಆಂಜನೇಯ, ಅಪ್ಪಣ್ಣಾಚಾರ್ಯರ ಬಿಚ್ಚಾಲಿ, ದಾರಿಯಲ್ಲಿ ಇನ್ನೊಂದೆರಡು ಗುಡಿ, ಮತ್ತೆ ವಾಪಸು. ಒಂದೊಂದು ಕಡೆ ಕಾಲು ಗಂಟೆ. 'ಲೇಟಾಗ್ತದೆ, ಬೇಗ ಬರ್ರಿ' ಎಂಬುದೇ ಅಲ್ಲಿ ಕೇಳಿಸುವ ವಿವರಣೆ. ಬಿಚ್ಚಾಲಿಯ ಜಪದ ಕಟ್ಟೆಯ ಮುಂದೆ ನಿಂತವರಿಗೆ, ಗುರುಸ್ತೋತ್ರ ರಚಿಸಿದ ಅಪ್ಪಣ್ಣಾಚಾರ್ಯರು ಯಾರು, ಅವರ ಮನೆ ಹೊಳೆಯ ಈ ದಡದಲ್ಲಿ ಇದ್ದು ಗುರುಗಳ ಬೃಂದಾವನ ಆ ದಡದಲ್ಲಿ ಆದದ್ದು ಹೇಗೆ ಅಂತ ಹೇಳುವವರು ಜೊತೆಗಿರುವುದಿಲ್ಲ.

ಗಮನಿಸಬೇಕಾದ ಸಂಗತಿ ಏನೆಂದರೆ, ಈ ಸುತ್ತಿನಲ್ಲಿ ಯಾತ್ರಿಕರು ತಮಗೆ ಗೊತ್ತಿಲ್ಲದೆಯೇ ಎರಡು ರಾಜ್ಯ ನೋಡಿರುತ್ತಾರೆ. ಮಂತ್ರಾಲಯ ಆಂಧ್ರದ ಕರ್ನೂಲು ಜಿಲ್ಲೆ. ಪಂಚಮುಖಿ, ಬಿಚ್ಚಾಲಿ ಎರಡೂ ಕರ್ನಾಟಕದ ರಾಯಚೂರು ಜಿಲ್ಲೆ. ನಡುವೆ ತುಂಗಭದ್ರೆ. ಈ ಗಡಿ ಹಳೆಯದೇನಲ್ಲ. 1953ರ ಅಕ್ಟೋಬರ್ 1ರವರೆಗೆ ಮಂತ್ರಾಲಯ ಇದ್ದ ಆದೋನಿ ತಾಲ್ಲೂಕು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆವತ್ತು ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಹೊಳೆಯ ಆಚೆ ದಡ ಆಗಿನ್ನೂ ಹೈದರಾಬಾದ್ ರಾಜ್ಯ. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಬೀಗತನ ಮಾತ್ರ ಮೊದಲಿನಂತೆ ಎರಡೂ ದಡದಲ್ಲಿ ನಡೆದುಕೊಂಡು ಬಂತು.

ಹೀಗಾಗಿ ಇಲ್ಲಿನ ಯಾತ್ರಿಕ ಒಂದು ವಿಚಿತ್ರ ಪ್ರಾಣಿ. ಆತ ಕನ್ನಡಿಗ, ಬಂದಿರುವುದು ಆಂಧ್ರಕ್ಕೆ, ನೋಡಲು ಹೋಗುವುದು ಮತ್ತೆ ಕರ್ನಾಟಕಕ್ಕೆ. ಆಂಧ್ರದ ನೆಲದಲ್ಲಿ ಆತ ಮಠದ ಬೀದಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ಕಥೆಯಲ್ಲಿ ಕೇಳಿದ ಊರು

ನೋಡುವಂಥದ್ದು ಇಲ್ಲವೆಂದಲ್ಲ. ಒಂದೇ ಉದಾಹರಣೆ ಸಾಕು. ರಾಯರ ಮಹಿಮೆ ಕೇಳಿದ ಪ್ರತಿಯೊಬ್ಬರಿಗೂ ಆದೋನಿಯ ನವಾಬನ ಕಥೆ ಗೊತ್ತು. ಪರೀಕ್ಷೆ ಮಾಡಲು ತಟ್ಟೆಯಲ್ಲಿ ಮಾಂಸ ಮುಚ್ಚಿ ತಂದನಂತೆ, ಬಟ್ಟೆ ಸರಿಸಿದರೆ ಹೂವು ಹಣ್ಣು ಇದ್ದವಂತೆ, ಬೆರಗಾದ ನವಾಬ ಗುರುಗಳು ಕೇಳಿದ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟನಂತೆ. ಆ ಮಂಚಾಲೆಯೇ ಇವತ್ತಿನ ಮಂತ್ರಾಲಯ. ಅಕ್ಷರ ಬಾರದ ಹುಡುಗ ವೆಂಕಣ್ಣ ಗುರುಗಳ ಕೃಪೆಯಿಂದ ಓದಿ ಆದೋನಿಯ ದಿವಾನನಾದ ಕಥೆಯೂ ಎಲ್ಲರಿಗೂ ಬಾಯಿಪಾಠ. ಗುರುಗಳು ಬೃಂದಾವನ ಪ್ರವೇಶ ಮಾಡಿದ್ದು 1671ರ ಶ್ರಾವಣ ಬಹುಳ ಬಿದಿಗೆಯಂದು.

ಆ ನವಾಬನ ಹೆಸರು ಸಿದ್ದಿ ಮಸೂದ್ ಖಾನ್. ಬಿಜಾಪುರದ ಆದಿಲಶಾಹಿಯಲ್ಲಿ ದೊಡ್ಡ ಅಧಿಕಾರದಲ್ಲಿದ್ದವನು. 1688ರಲ್ಲಿ ಔರಂಗಜೇಬನ ಸೇನೆಗೆ ಕೋಟೆ ಒಪ್ಪಿಸುವ ತನಕ ಆದೋನಿ ಅವನದು. ಅವನು ಕಟ್ಟಿಸಿದ ಶಾಹಿ ಜಾಮಿಯಾ ಮಸೀದಿ ಆದೋನಿಯಲ್ಲಿ ಈಗಲೂ ನಿಂತಿದೆ, ಕಪ್ಪು ಕಲ್ಲಿನ ಕೆಲಸ ಕಣ್ಣಿಗೆ ಹಬ್ಬ. ಮಂತ್ರಾಲಯದಿಂದ ಸುಮಾರು ಐವತ್ತು ಕಿಲೋಮೀಟರು. ಕಥೆಯಲ್ಲಿ ಬರುವ ಮನುಷ್ಯನ ಊರು, ಕೋಟೆ, ಮಸೀದಿ ಇಷ್ಟು ಹತ್ತಿರ ಇವೆ ಅಂತ ಎಷ್ಟು ಯಾತ್ರಿಕರಿಗೆ ಗೊತ್ತು? ಒಬ್ಬ ಗುರುವಿಗೂ ಒಬ್ಬ ನವಾಬನಿಗೂ ನಡೆದ ಕೊಡುಕೊಳ್ಳುವಿಕೆಯನ್ನು ಜನ ಮುನ್ನೂರೈವತ್ತು ವರ್ಷ ಪ್ರೀತಿಯಿಂದ ಹೇಳಿಕೊಂಡು ಬಂದಿದ್ದಾರೆ. ಇವತ್ತಿನ ಕಾಲಕ್ಕೆ ಬೇಕಾದ ಪಾಠ ಅದರಲ್ಲಿದೆ. ಅದನ್ನು ಕಲ್ಲು ತೋರಿಸಿ ಹೇಳುವ ಬಾಯಿ ಮಾತ್ರ ಇಲ್ಲ.

ಆದೋನಿಯ ಬೆಟ್ಟದ ಕೋಟೆಗೆ ವಿಜಯನಗರ, ಬಿಜಾಪುರ, ಮೊಗಲರು, ನಿಜಾಮನ ತಮ್ಮ ಬಸಾಲತ್ ಜಂಗ್ ಎಲ್ಲರ ಗುರುತೂ ಉಂಟು. 1786ರಲ್ಲಿ ಟಿಪ್ಪು ಸುಲ್ತಾನ ಮುತ್ತಿಗೆ ಹಾಕಿ ಹಿಡಿದದ್ದು ಇದೇ ಕೋಟೆ. ಬೆಟ್ಟದ ಮೇಲೆ ರಣಮಂಡಲ ಆಂಜನೇಯ. ಕೌತಾಳಂ ಕಡೆ ಹೋದರೆ ಉರುಕುಂದ ಈರಣ್ಣ, ಶ್ರಾವಣದಲ್ಲಿ ಅಲ್ಲಿ ಸೇರುವ ಜನರಲ್ಲಿ ಕರ್ನಾಟಕದವರು ಬಹಳ. ಹೊಳಗುಂದದ ಹತ್ತಿರ ದೇವರಗಟ್ಟು, ವಿಜಯದಶಮಿ ರಾತ್ರಿಯ ಬನ್ನಿ ಹಬ್ಬದಲ್ಲಿ ಬಡಿಗೆಯ ಕಾಳಗಕ್ಕೆ ಹೆಸರಾದದ್ದು. ಇವೆಲ್ಲ ಎರಡು ಭಾಷೆಯ ಜನ ಕೂಡಿ ಆಡುವ ಜಾತ್ರೆಗಳು. ಎರಡೂ ಭಾಷೆ ಬಲ್ಲವರೇ ಇವನ್ನು ಸರಿಯಾಗಿ ಹೇಳಬಲ್ಲರು.

ತಿನ್ನುವುದರಲ್ಲೂ ಹಾಗೆಯೇ. ಆದೋನಿಯಲ್ಲಿ ಬೆಳಗ್ಗೆ ಮಂಡಕ್ಕಿಯ 'ಉಗ್ಗಾಣಿ' ಕೇಳಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಬರುತ್ತದೆ. ಬಳ್ಳಾರಿ ಕಡೆ ಅದೇ 'ಒಗ್ಗಾಣಿ'. ಒಂದು ಅಕ್ಷರದಷ್ಟು ಮಾತ್ರ ಗಡಿ ಬದಲಾಗಿದೆ. ಇಂಥದ್ದನ್ನು ತೋರಿಸಿ ನಗಿಸುವವನೇ ಒಳ್ಳೆಯ ಗೈಡು.

ಅಂಗಡಿಯ ದಾರಿ

ಇನ್ನು ಖರೀದಿಯ ಮಾತು. ಯಾತ್ರೆಗೆ ಬಂದವರು ಬರಿಗೈಲಿ ಹೋಗುವುದಿಲ್ಲ. ಪರಿಮಳ ಪ್ರಸಾದ, ರಾಯರ ಪಟ, ತುಳಸಿ ಮಾಲೆ, ಮನೆಯ ಹೆಂಗಸರಿಗೆ ಒಂದು ಸೀರೆ, ಹಿರಿಯರಿಗೆ ಒಂದು ಪಂಚೆ. ಇದು ತಪ್ಪಲ್ಲ, ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಇದರಿಂದಲೇ. ಪ್ರಶ್ನೆ ಇರುವುದು ಅಂಗಡಿಗೆ ಕರೆದೊಯ್ಯುವವನ ಕೂಲಿಯಲ್ಲಿ.

ಸಾಹಿತ್ಯದ ನೆಪದಿಂದ ಬಂದ ಗೆಳೆಯರನ್ನು, ಅವರ ಮನೆಯವರನ್ನು ನಾನೂ ಎಷ್ಟೋ ಸಲ ಊರು ಸುತ್ತಿಸಿದ್ದೇನೆ. ಒಮ್ಮೆ ಹೀಗೆ ಒಂದು ಬಟ್ಟೆ ಅಂಗಡಿಯಲ್ಲಿ ದುಡ್ಡು ಕೊಟ್ಟಾದ ಮೇಲೆ ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದು, 'ಅನ್ನಾ, ಮೀದಿ ಎಂತ?' ಅಂದರು. ನಿಮ್ಮ ಪಾಲು ಎಷ್ಟು ಅಂತ. 'ನಂದೇನೂ ಇಲ್ಲ, ಇದ್ದರೆ ಅವರ ಬಿಲ್ಲಿನಲ್ಲಿ ಕಳೀರಿ' ಅಂದೆ. ಅವರಿಗೆ ಸಿಟ್ಟು ಬರಲಿಲ್ಲ, ಗೊಂದಲವಾಯಿತು. 'ಬಿಲ್ಲಿನಲ್ಲಿ ಕಳೆಯೋಕೆ ಬರೋದಿಲ್ಲ, ನಿಮಗಾದರೆ ಕೊಡಬಹುದು' ಅಂದರು. ಅಂದರೆ ಆ ಪಾಲು ಬೆಲೆಯೊಳಗೆ ಮೊದಲೇ ಸೇರಿತ್ತು.

ಲೆಕ್ಕಕ್ಕೆ ಅಂತ ಹೇಳುವುದಾದರೆ, 2,000 ರೂಪಾಯಿಯ ಸೀರೆಗೆ ನೂರಕ್ಕೆ ಹದಿನೈದರಂತೆ ಪಾಲು ಹಿಡಿದರೆ 300 ರೂಪಾಯಿ ಆಯಿತು. 'ಗೈಡಿಗೆ ಯಾಕೆ ದುಡ್ಡು ಕೊಡಬೇಕು' ಅಂದ ಯಾತ್ರಿಕ ಆ ದುಡ್ಡನ್ನು ಹೇಗೂ ಕೊಟ್ಟೇ ಇರುತ್ತಾನೆ, ಗೊತ್ತಿಲ್ಲದೆ ಕೊಟ್ಟಿರುತ್ತಾನೆ ಅಷ್ಟೆ. ಅದೇ 300 ರೂಪಾಯಿಯನ್ನು ಕೈಯಿಂದ ಕೈಗೆ ಕೊಟ್ಟಿದ್ದರೆ ಜೊತೆಗಿದ್ದವನು ಯಾತ್ರಿಕನ ಆಳಾಗುತ್ತಿದ್ದ. ಬಿಲ್ಲಿನೊಳಗಿಂದ ಹೋದದ್ದಕ್ಕೆ ಅಂಗಡಿಯ ಆಳಾದ. ಉಂಡವನ ಋಣ ಉಂಡ ಮನೆಗೇ.

ಇದರ ಇನ್ನೊಂದು ಪರಿಣಾಮ ಹೆಚ್ಚು ಕೆಟ್ಟದ್ದು. ಹೆಚ್ಚು ಲಾಭ ಇಟ್ಟುಕೊಂಡವರೇ ಹೆಚ್ಚು ಕಮಿಷನ್ ಕೊಡಬಲ್ಲರು. ಕೈಮಗ್ಗದವನ ಲಾಭ ಸಣ್ಣದು, ಅವನಿಂದ ಕೊಡಲಾಗದು. ಹಾಗಾಗಿ ಕಮಿಷನ್ನಿನ ದಾರಿ ನೇಕಾರನ ಮನೆಗೆ ಹೋಗುವುದೇ ಇಲ್ಲ. ಮಂತ್ರಾಲಯದಿಂದ ಅರ್ಧ ಗಂಟೆಯ ದಾರಿಯಲ್ಲಿ ಎಮ್ಮಿಗನೂರು ಇದೆ. ಮಾಚಾನಿ ಸೋಮಪ್ಪನವರು 1938ರಲ್ಲಿ ಅಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ಒಂದು ಕಾಲಕ್ಕೆ ಅಲ್ಲಿನ ಬಟ್ಟೆಗೆ ದೇಶದ ಬೇರೆ ಭಾಗಗಳಲ್ಲೂ ಹೆಸರಿತ್ತು, ಸೋಮಪ್ಪನವರಿಗೆ ಪದ್ಮಶ್ರೀಯೂ ಬಂತು. ಆದೋನಿಯ ಹತ್ತಿ ಜಮಖಾನಕ್ಕೂ ಹಿಂದೆ ಬೆಲೆ ಇತ್ತು. ಹತ್ತಿ ಬೆಳೆಯುವ ನಾಡು, ಅರಳೆ ಬರುವ ದೊಡ್ಡ ಮಾರ್ಕೆಟ್ ಯಾರ್ಡು ಆದೋನಿಯಲ್ಲೇ ಇದೆ. ಯಾತ್ರಿಕ ಮಾತ್ರ ಬೇರೆಲ್ಲಿಂದಲೋ ಬಂದ ಮಿಲ್ಲಿನ ಸೀರೆಯನ್ನು 'ಇಲ್ಲಿನ ಸ್ಪೆಷಲ್' ಅಂತ ಕಟ್ಟಿಸಿಕೊಂಡು ಹೋಗುತ್ತಾನೆ.

ಇದು ನಮ್ಮೂರಿನವರು ಕಂಡುಹಿಡಿದ ರೋಗವಲ್ಲ, ಪ್ರವಾಸಿಗರು ಹೋಗುವ ಎಲ್ಲ ಊರುಗಳಲ್ಲೂ ಇದೆ. ಚೀನಾದಲ್ಲಿ ಇದು ಅತಿಯಾಗಿ, ಸುತ್ತಾಟ ಅಗ್ಗ, ಅಂಗಡಿ ದುಬಾರಿ ಎಂಬಂತಾಗಿತ್ತು. 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಅಲ್ಲಿನ ಪ್ರವಾಸ ಕಾನೂನಿನ 35ನೇ ಕಲಂ, ಕಡಿಮೆ ದರದ ಆಸೆ ತೋರಿಸಿ ಅಂಗಡಿಗೆ ತಳ್ಳಿ ಕಮಿಷನ್ ಹೊಡೆಯುವುದನ್ನು ನಿಷೇಧಿಸಿತು. ಬರೀ ಕಾನೂನಿನಿಂದ ಎಲ್ಲ ಸರಿಹೋಗುವುದಿಲ್ಲ, ಆದರೆ ಇದು ವ್ಯಾಪಾರದ ಗುಟ್ಟಲ್ಲ, ಗಿರಾಕಿಗೆ ಮಾಡುವ ಮೋಸ ಎಂದು ಒಂದು ದೇಶ ಬರೆದಿಟ್ಟಿತು. ನಮ್ಮಲ್ಲಿ ಅಷ್ಟೂ ಆಗಿಲ್ಲ.

ಆಟೋದವರ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭ. ಗುರುವಾರ, ಆರಾಧನೆ, ರಜಾ ದಿನ ಬಿಟ್ಟರೆ ಉಳಿದ ದಿನ ಅವರಿಗೆ ಕಾಯುವುದೇ ಕೆಲಸ. ಗಾಡಿಯ ಕಂತು ಮಾತ್ರ ಕಾಯುವುದಿಲ್ಲ. ಕಾದ ಹೊತ್ತಿಗೆ, ಹೇಳಿದ ಮಾತಿಗೆ ಯಾರೂ ದುಡ್ಡು ಕೊಡದ ಕಡೆ ಮನುಷ್ಯ ಅಂಗಡಿಯವನ ಹತ್ತಿರ ಕೈ ಚಾಚುತ್ತಾನೆ. ಮಾತಿಗೆ ಬೆಲೆ ಬಂದರೆ ಒಳ್ಳೆಯ ಗೈಡುಗಳಾಗುವವರಲ್ಲಿ ಅವರೇ ಮೊದಲಿಗರು. ಎರಡೂ ಭಾಷೆ, ಎಲ್ಲ ದಾರಿ, ಯಾತ್ರಿಕರ ಮನಸ್ಸು ಮೂರೂ ಅವರಿಗೆ ಗೊತ್ತು.

'ಸುಗ್ಗಿ'ಗೆ ಹೋಗುವ ನಾಲಿಗೆ

ಕನ್ನಡದಲ್ಲಿ ಸುಗ್ಗಿ ಅಂದರೆ ಮನೆಗೆ ಕಾಳು ಬರುವ ಸಂಭ್ರಮ. ನಮ್ಮ ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ತೆಲುಗಿನಲ್ಲಿ 'ಸುಗ್ಗಿಕಿ ಪೋಯಿನಾರು' ಅಂದರೆ ಮನೆಗೆ ಬೀಗ ಹಾಕಿ ಗುಂಟೂರು ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಳೆ ಹೋದರು ಅಂತ ಅರ್ಥ. ಒಂದೇ ಶಬ್ದ, ಒಂದು ಕಡೆ ತುಂಬಿದ ಕಣಜ, ಇನ್ನೊಂದು ಕಡೆ ಮುಚ್ಚಿದ ಬಾಗಿಲು. ಮಕ್ಕಳು ಶಾಲೆ ಬಿಟ್ಟು ಅಪ್ಪ ಅಮ್ಮನ ಹಿಂದೆ ಹೋಗುತ್ತಾರೆ. ಓದಿದ ಹುಡುಗರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೋ, ಸೆಕ್ಯುರಿಟಿ ಕೆಲಸಕ್ಕೋ ಹೋಗುತ್ತಾರೆ.

ಬೇಸಾಯ ನಂಬಿ ಕೂರುವ ಕಾಲ ಇದಲ್ಲ ಎಂದು ನಾನು ಹೇಳುವುದು ಬೇಸಾಯ ಮಾಡಿಯೇ. ಮಳೆಯ ಮಾತು ಬಿಡಿ, ಕಾಲುವೆಯ ಭರವಸೆಯೂ ಗಟ್ಟಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಎರಡೂ ರಾಜ್ಯದ ರೈತರು ನಿದ್ದೆಗೆಟ್ಟು ಕೂತರು. ಹೊಲದ ಜೊತೆಗೆ ಇನ್ನೊಂದು ಆದಾಯ ಇರಲೇಬೇಕು.

ಇಲ್ಲಿಯೇ ನನಗೆ ಕಾಣುವ ದೊಡ್ಡ ನಷ್ಟ. ಈ ಹುಡುಗ ಹುಡುಗಿಯರ ನಾಲಿಗೆಯ ಮೇಲೆ ಎರಡು ಭಾಷೆ ಇದೆ. ಆದೋನಿ ಸೀಮೆಯ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಎರಡು ಲಿಪಿಯೂ ಬರುತ್ತದೆ. ಗುಂಟೂರಿನ ಮೆಣಸಿನಕಾಯಿ ಹೊಲದಲ್ಲಿ ಈ ವಿದ್ಯೆಗೆ ಬೆಲೆ ಇಲ್ಲ. ಬೆಂಗಳೂರಿನ ಗೇಟಿನಲ್ಲಿ ನಿಂತು ಸಲಾಮು ಹೊಡೆಯಲು ಇದು ಬೇಕಿಲ್ಲ. ಇದಕ್ಕೆ ಪೂರ್ತಿ ಬೆಲೆ ಇರುವ ಜಾಗ ಒಂದೇ, ಕನ್ನಡದ ಯಾತ್ರಿಕರು ತೆಲುಗು ನಾಡಿಗೆ ಬಂದಿಳಿಯುವ ನಮ್ಮ ಈ ಊರು. ಆದರೆ ಯಾತ್ರಿಕರು ಇಲ್ಲಿಗೆ ಬರುವ ಹೊತ್ತಿಗೆ ಹುಡುಗರು ಊರು ಬಿಟ್ಟಿರುತ್ತಾರೆ.

ಕನ್ನಡ ಶಾಲೆಗೆ ಮಕ್ಕಳನ್ನು ಯಾಕೆ ಕಳಿಸಬೇಕು, ಅದರಿಂದ ಏನು ಸಿಗ್ತದೆ ಎಂದು ಕೇಳುವ ತಂದೆತಾಯಿಗೆ ಭಾಷಣದಿಂದ ಉತ್ತರ ಕೊಡಲಾಗದು. ಕನ್ನಡ ಬಲ್ಲ ಮಗಳು ವಾರಕ್ಕೆ ನಾಲ್ಕು ದಿನ ಯಾತ್ರಿಕರಿಗೆ ಊರು ತೋರಿಸಿ ಮರ್ಯಾದೆಯ ದುಡ್ಡು ತಂದರೆ ಅದೇ ಉತ್ತರ.

ಎರಡು ಸರ್ಕಾರ, ಅರ್ಧರ್ಧ ನಕ್ಷೆ

ಮಂತ್ರಾಲಯ ಆಂಧ್ರದವರ ಪಟ್ಟಿಯಲ್ಲಿದೆ, ಬಿಚ್ಚಾಲಿ, ಪಂಚಮುಖಿ ಕರ್ನಾಟಕದವರ ಪಟ್ಟಿಯಲ್ಲಿವೆ. ಯಾತ್ರಿಕನ ಪಾಲಿಗೆ ಇದು ಒಂದೇ ಕ್ಷೇತ್ರ. ಕಚೇರಿಗಳ ಪಾಲಿಗೆ ಹೊಳೆಯಲ್ಲಿ ಕತ್ತರಿಸಿದ ಎರಡು ತುಂಡು.

ಗಾಡಿಯ ವಿಚಾರ ತೆಗೆದುಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 88ನೇ ಕಲಂ ಪ್ರಕಾರ ಒಂದು ರಾಜ್ಯದಲ್ಲಿ ಕೊಟ್ಟ ಪರ್ಮಿಟ್ಟು ಇನ್ನೊಂದು ರಾಜ್ಯದಲ್ಲಿ ಅಲ್ಲಿನವರ ಒಪ್ಪಿಗೆಯ ಸಹಿ ಇಲ್ಲದೆ ನಡೆಯದು. ಟ್ಯಾಕ್ಸಿ ಇಟ್ಟವರು ಅಖಿಲ ಭಾರತ ಪ್ರವಾಸಿ ಪರ್ಮಿಟ್ಟು ಪಡೆಯಬಹುದು. ಬಡ ಆಟೋದವರಿಗೆ ಹೊಳೆ ದಾಟುವುದೇ ಅಂಜಿಕೆ.

ಬಸ್ಸಿನದೂ ಇದೇ ಕಥೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ 'ಶಕ್ತಿ' ಯೋಜನೆ, ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ 'ಸ್ತ್ರೀ ಶಕ್ತಿ'. ಎರಡೂ ಕಡೆ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಆದರೆ ಆಯಾ ರಾಜ್ಯದವರಿಗೆ ಮಾತ್ರ. ಹೆಸರು ಒಂದೇ ಶಕ್ತಿ, ಹೊಳೆ ದಾಟುವ ಶಕ್ತಿ ಎರಡಕ್ಕೂ ಇಲ್ಲ. ಆದರೂ ಇದರಲ್ಲಿ ಒಂದು ಅನುಕೂಲ ನನಗೆ ಕಾಣುತ್ತದೆ. ಕೋಸಿಗಿಯ ಹೆಣ್ಣುಮಗಳೊಬ್ಬಳು ಗೈಡ್ ಆದರೆ ಎಮ್ಮಿಗನೂರು, ಆದೋನಿಗೆ ಹೋಗಿಬರುವ ಅವಳ ಬಸ್ ಚಾರ್ಜು ಉಳಿಯುತ್ತದೆ. ಆಚೆ ದಡದಿಂದ ಸೊಸೆಯಾಗಿ ಬಂದು ಎರಡೂ ಭಾಷೆಯಲ್ಲಿ ಮನೆ ನಡೆಸುವ ಹೆಂಗಸರು ನಮ್ಮ ಊರುಗಳಲ್ಲಿ ಬೇಕಾದಷ್ಟು. ಯಾತ್ರೆಗೆ ಬರುವ ಕುಟುಂಬದ ಹೆಣ್ಣುಮಕ್ಕಳಿಗೆ ಇವರ ಜೊತೆ ಬಜಾರು ಸುತ್ತುವುದು ಎಷ್ಟೋ ನೆಮ್ಮದಿ.

ಏನು ಮಾಡಬಹುದು?

ಹಂಪಿಯಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡುಗಳಿದ್ದಾರೆ. ನಮ್ಮ ಜನ ಮಾತಿಗೆ ದುಡ್ಡು ಕೊಡೋದಿಲ್ಲ ಎಂಬುದನ್ನು ಹಂಪಿ ಸುಳ್ಳು ಮಾಡಿದೆ. ಅಲ್ಲಿ ನಡೆದದ್ದು ಇಲ್ಲಿ ನಡೆಯದು ಎನ್ನಲು ಕಾರಣ ಇಲ್ಲ.

ಮೊದಲನೆಯದು, ದರದ ಬೋರ್ಡು. ಮಂತ್ರಾಲಯದಿಂದ ಸುಮಾರು ಹದಿನೈದು ಕಿಲೋಮೀಟರು ದೂರ ಇರುವ ಮಂತ್ರಾಲಯಂ ರೋಡ್ ರೈಲು ನಿಲ್ದಾಣದಲ್ಲೂ, ಬಸ್ ಸ್ಟ್ಯಾಂಡಿನಲ್ಲೂ ಗಾಡಿಗೆ ಇಷ್ಟು, ಜೊತೆಗೆ ಬಂದು ಹೇಳುವವರಿಗೆ ಅರ್ಧ ದಿನಕ್ಕೆ ಇಷ್ಟು, ಇಡೀ ದಿನಕ್ಕೆ ಇಷ್ಟು ಅಂತ ಕನ್ನಡ, ತೆಲುಗು ಎರಡರಲ್ಲೂ ಬರೆಯಬೇಕು.

ಎರಡನೆಯದು, ತರಬೇತಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 'ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್' ಎಂಬ ಆನ್‌ಲೈನ್ ಕೋರ್ಸು ರೂಪಿಸಿದೆ. ಅಷ್ಟು ದೊಡ್ಡ ಹೆಸರು ನಮಗೆ ಬೇಕಿಲ್ಲ. ಮಠದ ಪಂಡಿತರು, ಆದೋನಿಯ ಕಾಲೇಜಿನ ಚರಿತ್ರೆಯ ಮೇಷ್ಟ್ರು, ಎಮ್ಮಿಗನೂರಿನ ಒಬ್ಬ ನೇಕಾರ, ಹೊಳೆಯ ಆಳ ಬಲ್ಲ ಒಬ್ಬ ಬೆಸ್ತ ಸೇರಿ ಒಂದು ತಿಂಗಳು ಕಲಿಸಿದರೆ ಸಾಕು. ಬೆಸ್ತನ ಪಾಠ ಅಲಕ್ಷ್ಯ ಮಾಡುವಂಥದ್ದಲ್ಲ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಹೊಳೆ ಮಠದೊಳಗೇ ನುಗ್ಗಿ ಯಾತ್ರಿಕರು ಮಹಡಿಗಳ ಮೇಲೆ ಸಿಕ್ಕಿಕೊಂಡದ್ದನ್ನು ಯಾರೂ ಮರೆತಿಲ್ಲ. ಸ್ನಾನಕ್ಕೆ ಇಳಿದವರು ಮಡುವಿಗೆ ಸಿಕ್ಕಿ ಹೋದ ಸುದ್ದಿಯೂ ಹೊಸದಲ್ಲ. 'ಇಲ್ಲಿ ಇಳೀಬ್ಯಾಡ್ರಿ, ಅಲ್ಲಿ ಇಳೀರಿ' ಎಂಬ ಒಂದು ಮಾತು ಒಂದು ಜೀವ.

ಮೂರನೆಯದು, ಎರಡೂ ಸರ್ಕಾರ ಒಪ್ಪುವ ಒಂದೇ ಗುರುತಿನ ಚೀಟಿ. ರಾಯಚೂರು, ಕರ್ನೂಲು ಜಿಲ್ಲಾಧಿಕಾರಿಗಳು ಒಂದು ದಿನ ಒಂದೇ ಮೇಜಿಗೆ ಕೂತರೆ ಆಗುವ ಕೆಲಸ. ಆಟೋಗಳ ವಿಚಾರವೂ ಅದೇ ಮೇಜಿನ ಮೇಲೆ ಇತ್ಯರ್ಥವಾಗಲಿ.

ಕೊನೆಯದು ಮುಖ್ಯವಾದದ್ದು. ಚೀಟಿ ಪಡೆದವರು ಯಾವ ಅಂಗಡಿಯಿಂದಲೂ ಪಾಲು ತೆಗೆದುಕೊಳ್ಳಕೂಡದು, ತೆಗೆದುಕೊಂಡರೆ ಚೀಟಿ ಹೋಗಬೇಕು. ಈ ಒಂದು ಕಟ್ಟು ಇಲ್ಲದಿದ್ದರೆ ಬೋರ್ಡು, ತರಬೇತಿ, ಚೀಟಿ ಎಲ್ಲವೂ ಕಮಿಷನ್ನಿಗೆ ಹೊಸ ಅಂಗಿ ತೊಡಿಸಿದಂತೆ ಆಗುತ್ತದೆ.

ಯಾತ್ರಿಕರಿಗೂ ಒಂದು ಮಾತು. ಮುಂದಿನ ಸಲ ಬಂದಾಗ ಯಾರಾದರೂ ಹುಡುಗ ಊರು ತೋರಿಸುತ್ತೇನೆ ಅಂದರೆ ಮೊದಲೇ ಕೇಳಿರಿ: 'ನಿನ್ನ ಕೂಲಿ ಎಷ್ಟಪ್ಪಾ?' ಆತ 'ನೀವೇನೂ ಕೊಡಬ್ಯಾಡ್ರಿ' ಅಂದರೆ ಬೇರೆ ಯಾರೋ ಕೊಡುತ್ತಾರೆ ಅಂತ ತಿಳಿಯಿರಿ, ಅದು ತಿರುಗಿ ನಿಮ್ಮ ಬಿಲ್ಲಿಗೇ ಬರುತ್ತದೆ. ಇಷ್ಟು ಅಂತ ಬಾಯಿಬಿಟ್ಟು ಹೇಳಿದರೆ ಚೌಕಾಶಿ ಮಾಡದೆ ಕೊಡಿರಿ. ಆ ದುಡ್ಡಿಗೆ ನಿಮಗೆ ಮಸೂದ್ ಖಾನನ ಮಸೀದಿಯೂ, ಸೋಮಪ್ಪನವರ ಎಮ್ಮಿಗನೂರೂ ಕಾಣುತ್ತವೆ. ಆ ಹುಡುಗನಿಗೆ ಈ ವರ್ಷ ಗುಂಟೂರಿನ ಬಸ್ಸು ಹತ್ತದೆ ಊರಲ್ಲೇ ಉಳಿಯಲು ಒಂದು ಕಾರಣ ಸಿಗುತ್ತದೆ.